ಮೂವತ್ತು ಎಕರೆ ನೆಲ, ಎಂಬತ್ತು ಮಕ್ಕಳು

ನಮ್ಮ ಪ್ರಿನ್ಸಿಪಾಲರು, ಹೌಸ್ ಮಾಸ್ಟರುಗಳು, ಮೆಸ್ಸಿನ ಅಡುಗೆಯವರು, ಇವರೆಲ್ಲರ ಬಗ್ಗೆ ಈ ಸಂಚಿಕೆಯಲ್ಲಿ ಬೇರೆ ಗೆಳೆಯರು ಬರೆಯುತ್ತಿದ್ದಾರೆ. ನಾನು ಬರೆಯಹೊರಟಿರುವುದು ದುಡ್ಡಿನ ಬಗ್ಗೆ. ಹಳ್ಳಿಯ ಜಾಣ ಮಗುವಿನ ಮೇಲೆ ಈ ದೇಶ ಯಾವ ನಂಬಿಕೆಯಿಂದ ಖರ್ಚು ಮಾಡಲು ಒಪ್ಪಿತು, ಆ ಒಪ್ಪಿಗೆ ಎಲ್ಲಿ ಗಟ್ಟಿಯಾಗಿ ನಿಂತಿತು, ಎಲ್ಲಿ ಅಲುಗಾಡಿತು ಎಂಬುದನ್ನು ನವೋದಯ ವಿದ್ಯಾಲಯಗಳಿಗೆ ನಲವತ್ತು ತುಂಬುತ್ತಿರುವ ಈ ಹೊತ್ತಿನಲ್ಲಾದರೂ ದಾಖಲಿಸಬೇಕು. ನಾವು ಅಲ್ಲಿ ಕಲಿತದ್ದು ನಮ್ಮ ಬುದ್ಧಿಯ ಬಲದಿಂದಲೇ ಎಂದು ನಂಬಿಕೊಂಡಿರುವ ಹಳೆಯ ವಿದ್ಯಾರ್ಥಿಗಳು ಸಾಕಷ್ಟು ಮಂದಿ ಇದ್ದಾರೆ. ಅವರೂ ಇದನ್ನು ಓದಲಿ ಎಂಬುದು ನನ್ನ ಆಸೆ.

ನವೋದಯಕ್ಕೆ ಮುಂಚೆ ಸರ್ಕಾರ ಮುಖ್ಯವಾಗಿ ಹಿಡಿದಿದ್ದ ದಾರಿ ವಿದ್ಯಾರ್ಥಿವೇತನ. 1950ರ ದಶಕದಲ್ಲೇ ಕೇಂದ್ರ ಸರ್ಕಾರ ವಸತಿ ಶಾಲೆಗಳಲ್ಲಿ ಓದಲು ಮೆರಿಟ್ ಸ್ಕಾಲರ್‌ಶಿಪ್ ಕೊಡತೊಡಗಿತು. ಅಂದರೆ ಉಳ್ಳವರಿಗೆಂದು ಕಟ್ಟಿದ ಪಬ್ಲಿಕ್ ಸ್ಕೂಲುಗಳಿಗೆ ಕೆಲವು ಬಡ ಮಕ್ಕಳನ್ನು ಸೇರಿಸಿ ಅವರ ಫೀಜನ್ನು ಸರ್ಕಾರ ಕಟ್ಟುವುದು. 1961ರಲ್ಲಿ ಸೈನಿಕ ಶಾಲೆಗಳು ಶುರುವಾದವು. ನಮ್ಮ ವಿಜಾಪುರಕ್ಕೆ 1963ರಲ್ಲಿ ಒಂದು ಬಂತು. ಅದೇ 1963ರಲ್ಲಿ ಎನ್‌ಸಿಇಆರ್‌ಟಿ ದೆಹಲಿಯಲ್ಲಿ ವಿಜ್ಞಾನ ಪ್ರತಿಭಾನ್ವೇಷಣೆಯನ್ನು ಪ್ರಯೋಗಕ್ಕೆಂದು ಆರಂಭಿಸಿ 10 ಮಕ್ಕಳಿಗೆ ವೇತನ ಕೊಟ್ಟಿತು. ಮರುವರ್ಷ ಅದನ್ನು ದೇಶಕ್ಕೆಲ್ಲ ವಿಸ್ತರಿಸಿ 350 ಮಾಡಿತು. ಮುಂದೆ ಇದೇ ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆಯಾಗಿ, ಎನ್‌ಟಿಎಸ್‌ಇ ಎಂಬ ಹೆಸರಿನಲ್ಲಿ ಮನೆಮಾತಾಯಿತು. ಅದರಿಂದ ಒಳ್ಳೆಯ ವಿಜ್ಞಾನಿಗಳು ಬಂದಿದ್ದಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಪರೀಕ್ಷೆ ಇದೆ ಎಂದು ಹೇಳುವ ಮೇಷ್ಟರೇ ಇಲ್ಲದ ಊರಿನ ಮಗು ಆ ಪಟ್ಟಿಗೆ ಸೇರುವುದು ಹೇಗೆ? ಒಳ್ಳೆಯ ಶಾಲೆಯಲ್ಲಿ ಈಗಾಗಲೇ ಇರುವವರಿಗೆ ಸಿಗುವ ಬಹುಮಾನ ಅದು. ತಿಂಗಳ ವೇತನ ಕೈಗೆ ಬಂದರೂ ಒಳ್ಳೆಯ ಶಾಲೆಯೊಂದು ಊರಿನ ಹತ್ತಿರ ಎದ್ದು ನಿಲ್ಲುವುದಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ವಾದ ಇತ್ತು, ಅದೂ ಬಹಳ ಗಟ್ಟಿಯಾದ ವಾದ. 1964–66ರ ಕೊಠಾರಿ ಆಯೋಗ ನೆರೆಹೊರೆಯ ಶಾಲೆಯನ್ನು ಎತ್ತಿಹಿಡಿಯಿತು: ಊರಿನ ಎಲ್ಲ ಮಕ್ಕಳೂ, ಜಾತಿ ಹಣ ಎನ್ನದೆ, ಒಂದೇ ಶಾಲೆಗೆ ಹೋಗಬೇಕು, ಆಗಲೇ ಆ ಶಾಲೆ ಸುಧಾರಿಸುತ್ತದೆ. ಆಯೋಗದ ಸದಸ್ಯ ಕಾರ್ಯದರ್ಶಿಯಾಗಿದ್ದ ಜೆ.ಪಿ. ನಾಯಕರು ಸ್ವಾತಂತ್ರ್ಯಕ್ಕೆ ಮುಂಚೆ ಧಾರವಾಡ ಜಿಲ್ಲೆಯ ಉಪ್ಪಿನ ಬೆಟಗೇರಿಯಲ್ಲಿ ಇದ್ದು ಗ್ರಾಮದ ಕೆಲಸ ಮಾಡಿದವರು. ಹಳ್ಳಿಯ ಶಾಲೆ ಎಂದರೇನು ಎಂಬುದು ಅವರಿಗೆ ಕಾಗದದ ಮೇಲಿನ ಸಂಗತಿಯಾಗಿರಲಿಲ್ಲ. ನವೋದಯದ ವಿರುದ್ಧ ಮುಂದೆ ಬಂದ ಟೀಕೆಗಳ ಬೇರು ಇಲ್ಲಿದೆ. ಆ ಟೀಕೆಯನ್ನು ನಾವು ಹಗುರವಾಗಿ ಕಾಣಬಾರದು. ಊರಿನ ಶಾಲೆಯಿಂದ ಚುರುಕಾದ ಮಗುವನ್ನೇ ಎತ್ತಿಕೊಂಡು ಹೋದರೆ ಉಳಿದವರ ಗತಿ ಏನು ಎಂಬ ಪ್ರಶ್ನೆ ಇವತ್ತಿಗೂ ಇದೆ.

ನವೋದಯದ ಕಲ್ಪನೆಗೆ ದಕ್ಷಿಣದಲ್ಲಿ ಒಂದು ಪೂರ್ವಕಥೆ ಇದೆ. 1971ರಲ್ಲಿ ಪಿ.ವಿ. ನರಸಿಂಹರಾವ್ ಆಂಧ್ರಪ್ರದೇಶದ ಮುಖ್ಯಮಂತ್ರಿಯಾದ ಹೊಸತರಲ್ಲಿ, ನಲ್ಗೊಂಡ ಜಿಲ್ಲೆಯ ಸರ್ವೇಲ್ ಎಂಬ ಹಳ್ಳಿಯಲ್ಲಿ ಹಳ್ಳಿ ಮಕ್ಕಳಿಗಾಗಿಯೇ ಸರ್ಕಾರಿ ವಸತಿ ಶಾಲೆಯೊಂದು ಆರಂಭವಾಯಿತು. ಊಟ, ವಸತಿ, ಪಾಠ ಎಲ್ಲವೂ ಸರ್ಕಾರದ್ದು. ಅದೇ ನರಸಿಂಹರಾವ್ 1985ರ ಸೆಪ್ಟೆಂಬರಿನಲ್ಲಿ ಹೊಸದಾಗಿ ರಚನೆಯಾದ ಮಾನವ ಸಂಪನ್ಮೂಲ ಅಭಿವೃದ್ಧಿ ಖಾತೆಯ ಮಂತ್ರಿಯಾದರು. ಪ್ರಧಾನಿ ರಾಜೀವ್ ಗಾಂಧಿ ಹೊಸ ಶಿಕ್ಷಣ ನೀತಿ ತರುವುದಾಗಿ ಹೇಳಿದ್ದರು. 1985–86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಪ್ರಯೋಗದ ಎರಡು ಶಾಲೆಗಳು ತೆರೆದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿ, ವಿಶೇಷ ಪ್ರತಿಭೆಯ ಮಕ್ಕಳಿಗೆ ಅವರ ಮನೆಯವರ ಹಣಬಲ ನೋಡದೆ ಉತ್ತಮ ಶಿಕ್ಷಣ ಕೊಡುವುದನ್ನು ಸರ್ಕಾರದ ಕರ್ತವ್ಯವಾಗಿ ಒಪ್ಪಿಕೊಂಡು, ಜಿಲ್ಲೆಗೊಂದು ಮಾದರಿ ಶಾಲೆಯ ಯೋಜನೆಯನ್ನು ಮುಂದಿಟ್ಟಿತು. ಅದೇ ವರ್ಷದ ಫೆಬ್ರವರಿಯಲ್ಲಿ ನವೋದಯ ವಿದ್ಯಾಲಯ ಸಮಿತಿ ನೋಂದಣಿಯಾಯಿತು.

ಈ ಯೋಜನೆಯಲ್ಲಿ ಎಲ್ಲರ ಕಣ್ಣಿಗೂ ಬಿದ್ದದ್ದು ಪ್ರವೇಶ ಪರೀಕ್ಷೆ. ನನ್ನ ಮಟ್ಟಿಗೆ ಅದು ಎರಡನೆಯದು. ಮೊದಲನೆಯದು 75 ಎಂಬ ಸಂಖ್ಯೆ. ಜಿಲ್ಲೆಯ ಸೀಟುಗಳಲ್ಲಿ ಕನಿಷ್ಠ ಶೇಕಡಾ 75 ಹಳ್ಳಿಯ ಮಕ್ಕಳಿಗೆ. ಆ ಮಗು ಮೂರು, ನಾಲ್ಕು, ಐದನೆಯ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ. ಪರಿಶಿಷ್ಟ ಜಾತಿ, ಪಂಗಡಗಳಿಗೆ ಜಿಲ್ಲೆಯ ಜನಸಂಖ್ಯೆಯ ಪ್ರಮಾಣದಲ್ಲಿ, ಆದರೆ ರಾಷ್ಟ್ರೀಯ ಪ್ರಮಾಣಕ್ಕಿಂತ ಕಡಿಮೆಯಾಗದಂತೆ. ಜಿಲ್ಲೆಯ ಹೊರಗಿನವರಿಗೆ ಅವಕಾಶವಿಲ್ಲ. ಹೀಗೆ ಬೇಲಿ ಹಾಕಿದ ಮೇಲೆಯೇ ಪರೀಕ್ಷೆ. ಈ ಬೇಲಿ ಇಲ್ಲದಿದ್ದರೆ ಪ್ರತಿ ವರ್ಷ ಆರನೇ ತರಗತಿಗೆ ಸೇರುವ 80 ಮಕ್ಕಳೂ ಜಿಲ್ಲಾ ಕೇಂದ್ರದ ನಾಲ್ಕಾರು ಶಾಲೆಗಳಿಂದಲೇ ಬಂದುಬಿಡುತ್ತಿದ್ದರು. ಅಂಕ ನೋಡಿ ಆರಿಸುವುದಷ್ಟೇ ನ್ಯಾಯ ಎನ್ನುವವರಿಗೆ, ಆ ಅಂಕ ಯಾವ ಯಾವ ಮನೆಗಳಲ್ಲಿ ತಯಾರಾಗುತ್ತದೆ ಎಂಬುದನ್ನೂ ನೋಡಿ ಎನ್ನಬೇಕಾಗುತ್ತದೆ. 1986ರಲ್ಲಿ ಇದನ್ನು ನೋಡಿದವರು ಇದ್ದರು.

ಪರೀಕ್ಷೆಯನ್ನು ರೂಪಿಸಿದ್ದೂ ಅದೇ ಎಚ್ಚರದಿಂದ. ನೂರು ಅಂಕಗಳಲ್ಲಿ ಅರ್ಧ ಬುದ್ಧಿಸಾಮರ್ಥ್ಯಕ್ಕೆ, ಉಳಿದ ಅರ್ಧ ಗಣಿತ ಮತ್ತು ಭಾಷೆಗೆ ಸಮವಾಗಿ. ಭಾಷೆ ಮಗು ಕಲಿಯುತ್ತಿರುವ ಭಾಷೆಯೇ; ನಾವು ಪರೀಕ್ಷೆಯನ್ನು ಕನ್ನಡದಲ್ಲಿ ಬರೆದೆವು. ಬುದ್ಧಿಸಾಮರ್ಥ್ಯದ ಭಾಗದಲ್ಲಿ ಓದಲು ಅಕ್ಷರಗಳೇ ಹೆಚ್ಚು ಇರಲಿಲ್ಲ. ನಾಲ್ಕು ಚಿತ್ರಗಳಲ್ಲಿ ಗುಂಪಿಗೆ ಸೇರದ್ದು ಯಾವುದು, ಅರ್ಧ ಚಿತ್ರವನ್ನು ಪೂರ್ತಿ ಮಾಡುವುದು ಯಾವುದು, ಕನ್ನಡಿಯಲ್ಲಿ ಇದು ಹೇಗೆ ಕಾಣುತ್ತದೆ, ಮಡಚಿದ ಕಾಗದಕ್ಕೆ ತೂತು ಮಾಡಿ ಬಿಚ್ಚಿದರೆ ತೂತುಗಳು ಎಲ್ಲೆಲ್ಲಿ ಇರುತ್ತವೆ. ಏಕೋಪಾಧ್ಯಾಯ ಶಾಲೆಯಲ್ಲಿ ಓದಿದ ಮಗು ಪಾಠದಲ್ಲಿ ಹಿಂದೆ ಬಿದ್ದಿರಬಹುದು. ಕಾಗದ ಮಡಚಿ ಬಿಚ್ಚುವುದರಲ್ಲಿ ಹಿಂದೆ ಬೀಳಬೇಕಾದ ಕಾರಣವಿಲ್ಲ. ಪಾಠ ಕಡಿಮೆ ಸಿಕ್ಕ ಮಗುವಿಗೂ ಅರ್ಧ ಅಂಕ ಕೈಗೆಟುಕುವಂತೆ ಇಟ್ಟ ಈ ಏರ್ಪಾಡನ್ನು ನಾನು ಇವತ್ತಿಗೂ ಗೌರವದಿಂದ ನೆನೆಯುತ್ತೇನೆ.

ಇನ್ನು ನೆಲ. ಶಾಲೆ ಬೇಕು ಎನ್ನುವ ರಾಜ್ಯ ಸುಮಾರು 30 ಎಕರೆ ಜಾಗವನ್ನು ಉಚಿತವಾಗಿ ಕೊಡಬೇಕು, ಕಾಯಂ ಕಟ್ಟಡ ಏಳುವವರೆಗೆ ತಾತ್ಕಾಲಿಕ ಕಟ್ಟಡವನ್ನೂ ಒದಗಿಸಬೇಕು. ಕಟ್ಟಡದ ಮತ್ತು ನಡೆಸುವ ಖರ್ಚು ಕೇಂದ್ರದ್ದು. ಜಿಲ್ಲಾಧಿಕಾರಿಯೇ ಶಾಲಾ ಆಡಳಿತ ಸಮಿತಿಯ ಅಧ್ಯಕ್ಷರು. ಒಟ್ಟಿಗೆ ಮೂವತ್ತು ಎಕರೆ ಸರ್ಕಾರಿ ಜಾಗ ಪೇಟೆಯ ನಡುವೆ ಎಲ್ಲಿ ಸಿಗುತ್ತದೆ? ಹಾಗಾಗಿ ಕರ್ನಾಟಕದ ನವೋದಯಗಳ ಹೆಸರು ಕೇಳಿದರೇ ಊರಾಚೆಯ ಭೂಪಟ ಕಣ್ಣಿಗೆ ಬರುತ್ತದೆ: ಕೊಡಗಿನ ಗಾಳಿಬೀಡು, ಮಲೆನಾಡಿನ ಬಾಳೆಹೊನ್ನೂರು, ತುಂಗೆಯ ದಡದ ಗಾಜನೂರು, ಹಾಸನದ ಮಾವಿನಕೆರೆ, ಕರಾವಳಿಯ ಮುಡಿಪು, ಬಯಲುಸೀಮೆಯ ಕುಕನೂರು, ಮುದಗಲ್, ಚಿಕ್ಕಜೋಗಿಹಳ್ಳಿ, ಗಡಿಯ ಹೊಂಡರಬಾಳು. ಇವೆಲ್ಲ ಆಡಳಿತದಲ್ಲಿ ಹೈದರಾಬಾದ್ ಪ್ರಾದೇಶಿಕ ಕಚೇರಿಗೆ ಸೇರಿದವು. ಕಾಯಂ ಕ್ಯಾಂಪಸ್ಸಿಗೆ ಹೋಗುವ ಮುನ್ನ ಹಳೆಯ ಕಟ್ಟಡಗಳಲ್ಲಿ ಹಾಸಿಗೆ ಒತ್ತಟ್ಟಿಗೆ ಸರಿಸಿ ಅದೇ ಕೋಣೆಯಲ್ಲಿ ಪಾಠ ಕೇಳಿದ ಮೊದಲ ತಂಡಗಳ ಕಷ್ಟಕ್ಕೆ ಈ ಸಂಚಿಕೆಯಲ್ಲಿ ಪ್ರತ್ಯೇಕ ಪುಟಗಳೇ ಬೇಕು.

ದುಡ್ಡು ಎಲ್ಲಿಗೆ ಹೋಯಿತು ಎಂಬುದನ್ನು ಕಣ್ಣಾರೆ ನೋಡಬೇಕಾದರೆ ತಿಂಗಳ ಸಾಮಾನು ಹಂಚುವ ದಿನ ಡಾರ್ಮಿಟರಿಯ ಬಾಗಿಲಲ್ಲಿ ನಿಲ್ಲಬೇಕಿತ್ತು. ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಎಂದು ನಾಲ್ಕು ಹೌಸುಗಳು. ಹೌಸ್ ಮಾಸ್ಟರ್ ರಿಜಿಸ್ಟರ್ ಹಿಡಿದು ಕೂತಿರುತ್ತಿದ್ದರು. ಸಾಲಿನಲ್ಲಿ ಬಂದ ಪ್ರತಿ ಹುಡುಗನಿಗೂ ಮೈಸೋಪು, ಬಟ್ಟೆ ಸೋಪು, ಟೂತ್‌ಪೇಸ್ಟು, ಕೊಬ್ಬರಿ ಎಣ್ಣೆ, ಶೂ ಪಾಲಿಶು, ಪಡೆದದ್ದಕ್ಕೆ ಸಹಿ. ವರ್ಷಕ್ಕೆ ಸಮವಸ್ತ್ರ, ಬೂಟು, ಪುಸ್ತಕ, ನೋಟ್‌ಬುಕ್ಕು, ಹಾಸಿಗೆ, ಹೊದಿಕೆ. ಮನೆಮಂದಿಗೆಲ್ಲ ಒಂದೇ ಸೋಪು ಇದ್ದ ಮನೆಯಿಂದ ಬಂದ ಹುಡುಗರು ತಮ್ಮ ಪಾಲಿನ ಸೋಪನ್ನು ಬಳಸದೆ ಟ್ರಂಕಿನ ತಳದಲ್ಲಿ ಬಟ್ಟೆಯ ನಡುವೆ ಕೂಡಿಡುತ್ತಿದ್ದರು, ರಜೆಗೆ ಹೋಗುವಾಗ ಅವ್ವನಿಗೆ ಕೊಡಲು. ಹೌಸ್ ಮಾಸ್ಟರಿಗೆ ಇದು ಗೊತ್ತಿತ್ತು, ಯಾರೂ ಬೈಯಲಿಲ್ಲ. ಸ್ಕಾಲರ್‌ಶಿಪ್ಪಿಗೂ ಇದಕ್ಕೂ ಇರುವ ವ್ಯತ್ಯಾಸ ನನಗೆ ಆ ಟ್ರಂಕಿನಲ್ಲಿ ಕಾಣುತ್ತದೆ. ಅಲ್ಲಿ ಸರ್ಕಾರ ಗೆದ್ದ ಮಗುವಿಗೆ ಬಹುಮಾನ ಕೊಡುತ್ತಿತ್ತು. ಇಲ್ಲಿ ಹನ್ನೊಂದು ವರ್ಷದ ಮಗುವನ್ನು ಏಳು ವರ್ಷ ಸಾಕಲು ಒಪ್ಪಿಕೊಂಡಿತು, ಆ ಮಗು ಮುಂದೆ ಗೆಲ್ಲಲಿ ಬಿಡಲಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇದರ ಅರ್ಥ ಇನ್ನೂ ದೊಡ್ಡದು. ಊರಿನಲ್ಲಿ ಏಳನೇ ತರಗತಿಯ ಆಚೆಗೆ ಶಾಲೆ ಇಲ್ಲ, ಪಕ್ಕದೂರಿಗೆ ಬಸ್ಸಿಲ್ಲ ಎನ್ನುವ ಕಡೆ ಅಪ್ಪ ಅಮ್ಮ ಮಗಳನ್ನು ಹನ್ನೆರಡನೆಯವರೆಗೆ ಓದಿಸಲು ಒಪ್ಪಿದರೆ ಅದಕ್ಕೆ ಎರಡು ಕಾರಣ: ಒಂದು ಪೈಸೆ ಖರ್ಚಿಲ್ಲ, ಶಾಲೆಯ ಕಾಂಪೌಂಡಿನೊಳಗೇ ಟೀಚರುಗಳ ವಾಸ. ಮುಂದೆ 9ನೇ ತರಗತಿಯಿಂದ ಮೇಲಿನವರಿಗೆ ತಿಂಗಳಿಗೆ 200 ರೂಪಾಯಿಯ ವಿದ್ಯಾಲಯ ವಿಕಾಸ ನಿಧಿ ಶುಲ್ಕ ಬಂತು, ಈಗ ಅದು 600. ಆಗಲೂ ಹುಡುಗಿಯರಿಗೆ, ಪರಿಶಿಷ್ಟರಿಗೆ, ಬಡತನ ರೇಖೆಯ ಕೆಳಗಿನವರಿಗೆ ವಿನಾಯಿತಿ ಉಳಿಸಿದರು. ಉಳಿಸಿದ್ದು ಒಳ್ಳೆಯದು. ಆದರೆ ರೇಖೆಯ ಒಂದಿಷ್ಟೇ ಮೇಲಿರುವ ರೈತನಿಗೆ ತಿಂಗಳಿಗೆ 600 ಸಣ್ಣ ಮೊತ್ತವಲ್ಲ ಎಂದೂ ಇಲ್ಲಿ ಹೇಳಿಬಿಡುತ್ತೇನೆ.

ವಲಸೆಯ ಕಥೆ ಎಲ್ಲ ನವೋದಯದವರ ಬಾಯಲ್ಲೂ ಇದೆ. 9ನೇ ತರಗತಿಯಲ್ಲಿ ಶೇಕಡಾ 30 ಮಕ್ಕಳು ಹಿಂದಿ ಪ್ರದೇಶದ ಜೋಡಿ ಶಾಲೆಗೆ ಹೋಗಬೇಕು, ಅಲ್ಲಿಂದ ಅಷ್ಟೇ ಮಕ್ಕಳು ಇಲ್ಲಿಗೆ. ನಾವು ‘ಮೈಗ್ರೇಷನ್’ ಎಂದೇ ಕರೆಯುತ್ತಿದ್ದೆವು. ಏಳೆಂಟನೇ ತರಗತಿಯವರೆಗೆ ಕನ್ನಡದಲ್ಲಿ ಕಲಿತು, ಆಮೇಲೆ ಗಣಿತ ವಿಜ್ಞಾನಗಳನ್ನು ಇಂಗ್ಲಿಷಿನಲ್ಲಿ ಓದಲು ಒದ್ದಾಡುತ್ತಿದ್ದ ಮಕ್ಕಳು ಅದೇ ವೇಳೆಗೆ ರೈಲು ಹತ್ತಿ ಎರಡು ದಿನ ಪ್ರಯಾಣ ಮಾಡಿ ರೊಟ್ಟಿ ದಾಲಿನ ಊರಿಗೆ ಹೋಗಿ ಬದುಕಬೇಕಿತ್ತು. ಹೋದವರಲ್ಲಿ ಹೆಚ್ಚಿನವರು ಇವತ್ತಿಗೂ ಅದನ್ನು ಜೀವಮಾನದ ಲಾಭ ಎನ್ನುತ್ತಾರೆ, ಬಂದವರಲ್ಲಿ ಕೆಲವರು ಇಂದಿಗೂ ನಮ್ಮೊಂದಿಗೆ ಕನ್ನಡದಲ್ಲೇ ಮಾತಾಡುತ್ತಾರೆ. ತಮಿಳುನಾಡು ಮಾತ್ರ ತ್ರಿಭಾಷಾ ಸೂತ್ರದ ಕಾರಣಕ್ಕೆ ನವೋದಯವನ್ನೇ ಬೇಡ ಎಂದಿತು. ಅಲ್ಲಿ ಒಂದೂ ಶಾಲೆ ತೆರೆಯಲಿಲ್ಲ. ಭಾಷೆಯ ಬಗೆಗಿನ ಅವರ ಆತಂಕವನ್ನು ಕನ್ನಡಿಗನಾಗಿ ನಾನು ಅರ್ಥ ಮಾಡಿಕೊಳ್ಳಬಲ್ಲೆ. ಆದರೂ ಅಲ್ಲಿನ ಹಳ್ಳಿಯ ಮಕ್ಕಳ ಕೈಗೆ ಈ ಶಾಲೆ ಸಿಗಲಿಲ್ಲವಲ್ಲ ಎಂದು ಬೇಸರವಾಗುತ್ತದೆ.

ಶುರುವಾದ ನಾಲ್ಕೇ ವರ್ಷಕ್ಕೆ ನವೋದಯ ಮುಚ್ಚುವ ಅಂಚಿಗೆ ಬಂದಿತ್ತು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ ಶಿಕ್ಷಣ ನೀತಿಯ ಮರುಪರಿಶೀಲನೆಗೆ ಆಚಾರ್ಯ ರಾಮಮೂರ್ತಿ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಆಗ ದೇಶದಲ್ಲಿ 261 ನವೋದಯಗಳಿದ್ದವು. ಹೊಸ ಶಾಲೆ ಬೇಡ, ಇರುವವನ್ನು ಬೇರೆ ರೀತಿಯಲ್ಲಿ ಬಳಸಬೇಕು ಎಂಬ ಕಡೆಗೆ ಸಮಿತಿ ವಾಲಿತು. ಕೆಲವೇ ಮಕ್ಕಳ ಮೇಲೆ ಇಷ್ಟು ಹಣ ಸುರಿಯುವುದು ಸಮಾನತೆಗೆ ವಿರೋಧ ಎಂಬ ಕೊಠಾರಿ ಕಾಲದ ಅದೇ ವಾದ. ಅಷ್ಟರಲ್ಲಿ ಸರ್ಕಾರ ಬದಲಾಯಿತು, ಪ್ರಧಾನಿಯ ಕುರ್ಚಿಯಲ್ಲಿ ನರಸಿಂಹರಾವ್ ಅವರೇ ಕೂತರು. 1992ರಲ್ಲಿ, ನೀತಿಯನ್ನು ಮತ್ತೆ ಪರಿಶೀಲಿಸಿದ ಜನಾರ್ದನ ರೆಡ್ಡಿ ಸಮಿತಿ ನವೋದಯಗಳು ಮುಂದುವರಿಯಲಿ ಎಂದಿತು. ಪರಿಷ್ಕೃತ ನೀತಿ ಅದನ್ನು ಒಪ್ಪಿತು. ಆ ಎರಡು ವರ್ಷಗಳಲ್ಲಿ ನಮ್ಮ ಶಾಲೆಗಳ ಮೇಷ್ಟ್ರುಗಳು ನಾಳೆ ಕೆಲಸ ಇರುತ್ತದೋ ಇಲ್ಲವೋ ತಿಳಿಯದೆ ಪಾಠ ಮಾಡಿದರು. ಅವರ ಆ ದಿನಗಳು ಯಾವ ವರದಿಯಲ್ಲೂ ಇಲ್ಲ.

ಕರ್ನಾಟಕ ಸರ್ಕಾರ ಈ ಮಾದರಿಯನ್ನು ತನ್ನದೇ ರೀತಿಯಲ್ಲಿ ಮುಂದುವರಿಸಿತು. 1996–97ರಿಂದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ನಂತರ ಕಿತ್ತೂರು ರಾಣಿ ಚೆನ್ನಮ್ಮ, ಅಟಲ್ ಬಿಹಾರಿ ವಾಜಪೇಯಿ, ಏಕಲವ್ಯ ಹೆಸರಿನ ಶಾಲೆಗಳು ಬಂದವು. ಅಲ್ಲೂ ಆರನೇ ತರಗತಿಗೆ ಪರೀಕ್ಷೆ, ಅಲ್ಲೂ ಊಟ ವಸತಿ ಉಚಿತ. ಈಗ ಅವುಗಳ ಸಂಖ್ಯೆ ಎಂಟುನೂರನ್ನು ದಾಟಿದೆ. ಜಿಲ್ಲೆಗೊಂದು ಎಂಬ ನವೋದಯದ ಮಿತಿಯನ್ನು ರಾಜ್ಯ ಹೋಬಳಿಯ ಮಟ್ಟಕ್ಕೆ ಇಳಿಸಿ ತೋರಿಸಿತು. ಆಯ್ದ ಕೆಲವರಿಗೆ ಮಾತ್ರ ಎಂಬ ಟೀಕೆಗೆ ಕರ್ನಾಟಕ ಕೊಟ್ಟ ಉತ್ತರ ಇದು, ಮತ್ತು ಒಳ್ಳೆಯ ಉತ್ತರ.

ಕೊರತೆಗಳನ್ನು ಮುಚ್ಚಿಟ್ಟು ಇತಿಹಾಸ ಬರೆಯಲಾಗದು. ನೀತಿಯಲ್ಲಿ ನವೋದಯಕ್ಕೆ ಇನ್ನೊಂದು ಕೆಲಸವನ್ನೂ ಹೇಳಿತ್ತು: ಸುತ್ತಲಿನ ಶಾಲೆಗಳಿಗೆ ದಾರಿ ತೋರುವುದು, ಪ್ರಯೋಗಾಲಯ, ಗ್ರಂಥಾಲಯ, ಮೇಷ್ಟ್ರುಗಳ ಅನುಭವವನ್ನು ಅವರೊಂದಿಗೆ ಹಂಚಿಕೊಳ್ಳುವುದು. ಇದು ಆಗಲಿಲ್ಲ. ವರ್ಷಕ್ಕೊಮ್ಮೆ ವಿಜ್ಞಾನ ಪ್ರದರ್ಶನಕ್ಕೆ ಪಕ್ಕದ ಊರಿನ ಮಕ್ಕಳನ್ನು ಕರೆದದ್ದನ್ನು ಬಿಟ್ಟರೆ ಕಾಂಪೌಂಡಿನ ಗೇಟು ಹೆಚ್ಚಾಗಿ ಮುಚ್ಚಿಯೇ ಇತ್ತು. ಇನ್ನು ಪರೀಕ್ಷೆ. ಪಾಠ ಸಿಗದ ಮಗುವಿಗೆಂದು ಇಟ್ಟ ಬುದ್ಧಿಸಾಮರ್ಥ್ಯದ ಚಿತ್ರಗಳನ್ನೇ ಇಂದು ಕೋಚಿಂಗ್ ಸೆಂಟರುಗಳು ವರ್ಷಗಟ್ಟಲೆ ಉರು ಹೊಡೆಸುತ್ತಿವೆ. ನವೋದಯ, ಸೈನಿಕ, ಕಿತ್ತೂರು, ಮೊರಾರ್ಜಿ ಎಂದು ಬೋರ್ಡು ಹಾಕಿದ ವಸತಿ ತರಬೇತಿ ಕೇಂದ್ರಗಳು ಉತ್ತರ ಕರ್ನಾಟಕದ ತಾಲ್ಲೂಕು ಕೇಂದ್ರಗಳಲ್ಲಿ ಕಾಣುತ್ತವೆ. ಅಲ್ಲಿ ಕಟ್ಟುವ ಹಣ ಇಲ್ಲದ ಮಗುವಿಗೆಂದೇ ಹುಟ್ಟಿದ ಪರೀಕ್ಷೆ ಇದು. ಪ್ರಶ್ನೆಪತ್ರಿಕೆಯ ರೂಪವನ್ನು ಆಗಾಗ ಬದಲಿಸದಿದ್ದರೆ ಆ ಅರ್ಧ ಅಂಕವೂ ಕೊಂಡುಕೊಳ್ಳುವವರ ಪಾಲಾಗುತ್ತದೆ.

ಎಲ್ಲಕ್ಕಿಂತ ನೋವಿನ ಸಂಗತಿ ಬೇರೆ. 2013ರಿಂದ 2017ರ ನಡುವೆ ದೇಶದ ನವೋದಯಗಳಲ್ಲಿ 49 ಮಕ್ಕಳು ಆತ್ಮಹತ್ಯೆ ಮಾಡಿಕೊಂಡದ್ದು ಪತ್ರಿಕೆಗಳಲ್ಲಿ ವರದಿಯಾಯಿತು. ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ದಲಿತ, ಆದಿವಾಸಿ ಕುಟುಂಬಗಳಿಂದ ಬಂದವರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸರ್ಕಾರಕ್ಕೆ ನೋಟಿಸು ಕೊಟ್ಟಿತು. ಹನ್ನೊಂದು ವರ್ಷಕ್ಕೆ ಮನೆ ಬಿಟ್ಟ ಮಗುವಿನ ದುಃಖ ಕೇಳಿಸಿಕೊಳ್ಳಲು ನಾವಿದ್ದ ಕಾಲದಲ್ಲಿ ಇದ್ದವರು ಹೌಸ್ ಮಾಸ್ಟರ್ ಒಬ್ಬರೇ. ಅವರು ಬೆಳಗ್ಗೆ ಪಿ.ಟಿ.ಯಿಂದ ರಾತ್ರಿ ಹಾಜರಾತಿಯವರೆಗೆ ಮೈಮುರಿದು ದುಡಿಯುತ್ತಿದ್ದರು, ನಡುವೆ ತಮ್ಮ ವಿಷಯದ ಪಾಠವನ್ನೂ ಮಾಡಬೇಕಿತ್ತು. ಸಾಕುತ್ತೇನೆ ಎಂದ ಮೇಲೆ ಮಗುವಿನ ಮನಸ್ಸನ್ನು ನೋಡಿಕೊಳ್ಳುವ ಜನರಿಗೂ ಸಂಬಳ ಎತ್ತಿಡಬೇಕು. ಆಪ್ತ ಸಮಾಲೋಚಕರ ಹುದ್ದೆ ಪ್ರತಿ ಶಾಲೆಯಲ್ಲೂ ಕಾಯಂ ಆಗಬೇಕು ಎಂಬುದು ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘದ ಬೇಡಿಕೆಗಳಲ್ಲಿ ಮೊದಲನೆಯದಾಗಲಿ.

ಈಚಿನ ವರ್ಷಗಳ ಲೆಕ್ಕವನ್ನು ಬದಿಬದಿಗಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವಿಶೇಷ ಪ್ರತಿಭೆಯ ಮಕ್ಕಳ ಬಗ್ಗೆ ಒಳ್ಳೆಯ ಮಾತುಗಳನ್ನು ಆಡಿತು. ಮರುವರ್ಷವೇ, 2021ರಲ್ಲಿ, ಎನ್‌ಟಿಎಸ್‌ಇ ನಿಂತಿತು. ಅದರಲ್ಲಿ ಆಯ್ಕೆಯಾದವರಿಗೆ 11, 12ನೇ ತರಗತಿಯಲ್ಲಿ ತಿಂಗಳಿಗೆ 1,250 ರೂಪಾಯಿ, ಪದವಿಯಲ್ಲಿ 2,000 ಸಿಗುತ್ತಿತ್ತು. 1999ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಡೆಸಿಕೊಂಡು ಬಂದಿದ್ದ ಕಿಶೋರ್ ವೈಜ್ಞಾನಿಕ್ ಪ್ರೋತ್ಸಾಹನ್ ಯೋಜನೆ ಎಂಬ ವಿದ್ಯಾರ್ಥಿವೇತನವೂ 2022ರಲ್ಲಿ ನಿಂತು ಇನ್‌ಸ್ಪೈರ್ ಯೋಜನೆಯೊಳಗೆ ಸೇರಿಹೋಯಿತು. ನವೋದಯ ಮಾತ್ರ ಉಳಿಯಿತಷ್ಟೇ ಅಲ್ಲ, ಬೆಳೆಯಿತು. ಕಾರಣ ಸರಳವಾಗಿದೆ. ವಿದ್ಯಾರ್ಥಿವೇತನ ಒಂದು ಕಡತ. ನವೀಕರಣ ಆಗದಿದ್ದರೆ ಸಾಕು, ಮುಗಿಯಿತು. ಶಾಲೆಗೆ ಜಿಲ್ಲೆಯಲ್ಲಿ ನೆಲ ಇದೆ, ಗೋಡೆ ಇದೆ, 560 ಮಕ್ಕಳಿದ್ದಾರೆ, ಅವರ ಅಪ್ಪ ಅಮ್ಮ ಓಟು ಹಾಕುತ್ತಾರೆ, ಜಿಲ್ಲಾಧಿಕಾರಿ ಸಭೆ ಕರೆಯುತ್ತಾರೆ. ಬಜೆಟ್ಟಿನಲ್ಲಿ ಅದನ್ನು ಅಳಿಸಿಹಾಕುವುದು ಸುಲಭವಲ್ಲ. ಪ್ರತಿಭಾವಂತರ ಶಿಕ್ಷಣಕ್ಕೆ ಮುಂದೆ ಯೋಜನೆ ಮಾಡುವವರು ಇದನ್ನು ಗಮನಿಸಬೇಕು ಎಂದು ನನ್ನ ಕೋರಿಕೆ.

2024ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ 28 ಹೊಸ ನವೋದಯಗಳಿಗೆ ಒಪ್ಪಿಗೆ ಕೊಟ್ಟಿತು. ಐದು ವರ್ಷಗಳ ಅಂದಾಜು ವೆಚ್ಚ 2,359.82 ಕೋಟಿ ರೂಪಾಯಿ, ಅಂದರೆ ಶಾಲೆಯೊಂದಕ್ಕೆ ಹೆಚ್ಚೂಕಡಿಮೆ 84 ಕೋಟಿ. ಪ್ರತಿ ಶಾಲೆಗೆ 47 ಹುದ್ದೆ. ಆ ಪಟ್ಟಿಯಲ್ಲಿ ಕರ್ನಾಟಕಕ್ಕೆ ಸಿಕ್ಕದ್ದು ಒಂದು, ಬಳ್ಳಾರಿ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಕೂಡ್ಲಿಗಿ ತಾಲ್ಲೂಕಿನ ಚಿಕ್ಕಜೋಗಿಹಳ್ಳಿ ಶಾಲೆ ಆ ಜಿಲ್ಲೆಯ ಪಾಲಾಯಿತು, ಬಳ್ಳಾರಿಗೆ ತನ್ನದೇ ಶಾಲೆ ಇಲ್ಲದಂತಾಯಿತು. ಸಂಡೂರು, ಸಿರುಗುಪ್ಪ, ಕುರುಗೋಡು, ಕಂಪ್ಲಿಯ ಹಳ್ಳಿಗಳಲ್ಲಿ ಗಣಿಯ ದೂಳಿನ ನಡುವೆ, ಕಾಲುವೆಯ ಗದ್ದೆಗಳ ನಡುವೆ ಐದನೇ ತರಗತಿ ಓದುತ್ತಿರುವ ಮಕ್ಕಳಿಗೆ ಈ ಶಾಲೆಯ ಬಾಗಿಲು ತೆರೆಯಬೇಕಾದರೆ ಮೊದಲು ಅರ್ಜಿ ತುಂಬಬೇಕು. ಅರ್ಜಿಗೆ ಶುಲ್ಕವಿಲ್ಲ, ಆದರೆ ಅದು ಈಗ ಆನ್‌ಲೈನ್. ಹೆಡ್‌ಮಾಸ್ಟರರ ಸಹಿ ಇರುವ ಪ್ರಮಾಣಪತ್ರ, ಮಗುವಿನ ಫೋಟೊ, ಮಗುವಿನ ಮತ್ತು ಪೋಷಕರ ಸಹಿ ಎಲ್ಲವನ್ನೂ ಅಪ್‌ಲೋಡ್ ಮಾಡಬೇಕು. ಚಿಕ್ಕಜೋಗಿಹಳ್ಳಿಯಲ್ಲಿ ಓದಿ ಇದೇ ತಾಲ್ಲೂಕುಗಳಲ್ಲಿ ನೌಕರಿಯಲ್ಲಿರುವ ನಮ್ಮ ಗೆಳೆಯರು ಅರ್ಜಿಯ ತಿಂಗಳಲ್ಲಿ ಶನಿವಾರದ ಬೆಳಗಿನ ಶಾಲೆ ಮುಗಿಯುವ ಹೊತ್ತಿಗೆ ಲ್ಯಾಪ್‌ಟಾಪ್ ಹಿಡಿದು ಆ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹೋಗಿ ಕೂತರೆ ಹೇಗೆ? ಯಾವ ಶಾಲೆಗೆ ಯಾರು ಎಂಬ ಪಟ್ಟಿಯನ್ನು ಈ ಬಾರಿಯ ವಾರ್ಷಿಕ ಸಭೆಯಲ್ಲೇ ಮಾಡಿಕೊಳ್ಳೋಣ.